ಪರದೇಶದಲ್ಲಿ ನಂಬಿಕೆಯ ಲೆಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ಸೀಮೆಯ ಯಾವ ಹಳ್ಳಿಯಲ್ಲಿ ಬಸ್ಸಿನಿಂದ ಇಳಿದರೂ ಹೊಸಬನಿಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಮೊದಲನೆಯದು, "ಯಾವೂರ್ರೀ ನಿಮ್ದು?" ಎರಡನೆಯದು, "ಯಾರ ಮನಿಗೆ ಬಂದೀರಿ?" ಮೊದಲ ಪ್ರಶ್ನೆಗೆ ಏನು ಉತ್ತರ ಕೊಟ್ಟರೂ ನಡೆಯುತ್ತದೆ. ಎರಡನೆಯದಕ್ಕೆ ಸರಿಯಾದ ಉತ್ತರ ಸಿಗುವವರೆಗೆ ಕಟ್ಟೆಯ ಮೇಲೆ ಕುಳಿತವರ ಮುಖ ಸಡಿಲವಾಗುವುದಿಲ್ಲ. ಈತ ಯಾರೋ ನಮಗೆ ಗೊತ್ತಿಲ್ಲ, ಈತನಿಗೆ ಹೊಣೆ ಯಾರು ಎಂಬುದೇ ಆ ಪ್ರಶ್ನೆಯ ಒಳಗುಟ್ಟು.

ಪರಸ್ಥಳಕ್ಕೆ ಹೋಗಿ ಕೆಲಸ ಮಾಡುವವನ ಕಷ್ಟವೆಲ್ಲ ಈ ಎರಡನೆಯ ಪ್ರಶ್ನೆಯಲ್ಲಿದೆ. ಭಾಷೆ ಕಲಿತರೆ ಎಲ್ಲವೂ ಸರಿಹೋಗುತ್ತದೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಭಾಷೆ ಬೇಕೇ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ವಿಜಯಪುರ ಜಿಲ್ಲೆಯ ಹಾಗೂ ಅದರ ನೆರೆಯ ಸುರಪುರದ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಇನ್ನೊಂದು ಸಂಗತಿ ಎದ್ದು ಕಾಣತೊಡಗಿತು. ಹೊರಗಿನವನನ್ನು ಜನ ನಂಬಿದ್ದು ಅವನು ಚೆನ್ನಾಗಿ ಮಾತಾಡಿದ್ದಕ್ಕಿಂತ ಹೆಚ್ಚಾಗಿ, ಅವನ ಕೊಡುಕೊಳ್ಳುವ ಲೆಕ್ಕ ತಮ್ಮ ಕಣ್ಣಿಗೆ ಕಾಣುವಂತೆ ಇದ್ದಾಗ. ವಿದ್ಯಾರ್ಥಿ ಮಿತ್ರರು ಇದನ್ನು ಒಪ್ಪಲೇಬೇಕೆಂದಿಲ್ಲ. ಸಾಕ್ಷ್ಯಗಳನ್ನು ಮುಂದಿಡುತ್ತೇನೆ.

ಇಂಡಿ ತಾಲ್ಲೂಕಿನ ಸಾಲೋಟಗಿಯನ್ನು ಇಂದು ಜನ ಶಿವಯೋಗೇಶ್ವರನ ಊರೆಂದು ಬಲ್ಲರು. ಹತ್ತನೆಯ ಶತಮಾನದಲ್ಲಿ ಅದರ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾಗಿದ್ದ ನಾರಾಯಣನೆಂಬವನು ಇಲ್ಲಿ ಬ್ರಹ್ಮ, ವಿಷ್ಣು, ಶಿವ ಮೂವರಿಗೂ ಸೇರಿದ ತ್ರೈಪುರುಷ ದೇವಾಲಯವನ್ನು ಕಟ್ಟಿಸಿ, ಅದಕ್ಕೆ ಹೊಂದಿಕೊಂಡಂತೆ ಒಂದು ಶಾಲೆಯನ್ನು ಸ್ಥಾಪಿಸಿದನು. ಶಾಲೆಯ ಪಾವಿಟ್ಟಗೆ ಎಂಬುದೇ ಜನರ ಬಾಯಲ್ಲಿ ಸವೆದು ಸಾಲೋಟಗಿ ಆಯಿತೆಂದು ವಿದ್ವಾಂಸರು ಹೇಳುತ್ತಾರೆ. ಈ ವಿವರಗಳೆಲ್ಲ ನಮಗೆ ಸಿಗುವುದು ಅಲ್ಲಿಯ ಒಂದು ಕಂಬದ ಶಾಸನದಿಂದ. ಶಾಸನದ ಕಾಲ ಶಕ ವರ್ಷ 867, ಎಂದರೆ ಕ್ರಿ.ಶ. 945. ದಾನ ಕೊಟ್ಟ ದಿನ ಸೂರ್ಯಗ್ರಹಣವಿತ್ತೆಂದು ಶಾಸನ ಹೇಳುವುದರಿಂದ ಖಗೋಳ ಗಣಿತದ ನೆರವಿನಿಂದ ಆ ದಿನ ಅದೇ ವರ್ಷದ ಸೆಪ್ಟೆಂಬರ್ ತಿಂಗಳಿನದೆಂದು ಗೊತ್ತುಮಾಡಲು ಸಾಧ್ಯವಾಯಿತು. ವಿಜ್ಞಾನ ಓದಿದ ನನ್ನಂಥವರಿಗೆ ಶಾಸನಗಳ ಮೇಲೆ ಮೊದಲು ಪ್ರೀತಿ ಹುಟ್ಟುವುದು ಇಂಥ ಕಡೆಯಲ್ಲಿಯೇ.

ಈ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬಂದಿದ್ದರು. ಅವರು ವಾಸಿಸಲು 27 ಮನೆಗಳನ್ನು ಬಿಟ್ಟುಕೊಡಲಾಗಿತ್ತು. ಊರು ಎಷ್ಟು ದೊಡ್ಡದಿತ್ತೆಂದು ತಿಳಿಯದು. ಆದರೆ ಯಾವ ಹಳ್ಳಿಯಲ್ಲಾದರೂ 27 ಮನೆ ತುಂಬ ಪರಸ್ಥಳದ ಹುಡುಗರು ಬಂದು ಕುಳಿತರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಅವರ ಮಾತು ಬೇರೆ, ಊಟದ ರುಚಿ ಬೇರೆ, ಉಡುವ ರೀತಿ ಬೇರೆ. ಬಾವಿಯ ನೀರಿಗೆ, ಕಟ್ಟಿಗೆಗೆ, ಹಾಲಿಗೆ ಊರವರ ಜೊತೆ ಅವರಿಗೂ ಪಾಲು ಬೇಕು. ಪಾಠಶಾಲೆಯೊಳಗೆ ಸಂಸ್ಕೃತ ಎಲ್ಲರನ್ನೂ ಒಂದುಗೂಡಿಸುತ್ತಿತ್ತು. ಆದರೆ ಹಾಲು ಮಾರುವವನೊಡನೆ ಸಂಸ್ಕೃತದಲ್ಲಿ ವ್ಯವಹಾರ ನಡೆಯುತ್ತಿರಲಿಲ್ಲವಷ್ಟೆ.

ಶಾಸನ ಈ ತೊಡಕನ್ನು ಬಿಡಿಸಿದ ಬಗೆ ನೋಡಿ. ಶಾಲೆಗೆ 500 ನಿವರ್ತನ ಭೂಮಿ. ದೀಪಕ್ಕೆ ಪ್ರತ್ಯೇಕವಾಗಿ 12 ನಿವರ್ತನ. ಉಪಾಧ್ಯಾಯನಿಗೆ 50 ನಿವರ್ತನ ಮತ್ತು ಒಂದು ಮನೆ. ಒಂದು ನಿವರ್ತನಕ್ಕೆ ಸುಮಾರು 5 ಎಕರೆ ಎಂದು ಇತಿಹಾಸಕಾರ ಅಳತೇಕರರು ಹಿಡಿದಿದ್ದಾರೆ. ಅಂದಿನ ಅಳತೆಗಳು ಸೀಮೆಯಿಂದ ಸೀಮೆಗೆ ಬದಲಾಗುತ್ತಿದ್ದುದರಿಂದ ಗುಣಾಕಾರಕ್ಕೆ ಆತುರ ಬೇಡ. ದೀಪದ ಎಣ್ಣೆಗೂ ಬೇರೆ ಹೊಲ ಗುರುತಿಸಿದ್ದರು ಎಂಬುದು ಮುಖ್ಯ. ರಾತ್ರಿ ಓದುವ ಹುಡುಗ ನೆರೆಮನೆಗೆ ಎಣ್ಣೆ ಕೇಳಲು ಹೋಗಬೇಕಾಗಿರಲಿಲ್ಲ.

ಇದಕ್ಕಿಂತ ಸ್ವಾರಸ್ಯವಾದದ್ದು ಊರವರ ಕೊಡುಗೆಯ ಕಟ್ಟಳೆ. ಊರಿನ ಬ್ರಾಹ್ಮಣರ ಮನೆಯಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಉಪನಯನವಾದರೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಮದುವೆಯ ಅರ್ಧ ಉಪನಯನ, ಉಪನಯನದ ಅರ್ಧ ಚೌಲ. ಗಣಿತದಲ್ಲಿ ಇದನ್ನು ಗುಣೋತ್ತರ ಶ್ರೇಢಿ ಎನ್ನುತ್ತೇವೆ. ಊರಿನಲ್ಲಿ ಭೋಜನದ ಸಮಾರಂಭ ನಡೆದರೆ ಶಾಲೆಯವರಿಗೂ ಶಕ್ತ್ಯನುಸಾರ ಊಟ ಹಾಕಬೇಕೆಂದೂ ಇದೆ. ಎಂದರೆ ಹೊರಗಿನ ಹುಡುಗರು ಎಷ್ಟನ್ನು ನಿರೀಕ್ಷಿಸಬಹುದು, ಊರವರು ಎಷ್ಟು ಕೊಟ್ಟರೆ ಸಾಕು, ಎರಡೂ ಗೊತ್ತಾಗಿತ್ತು. "ಈ ಪರಊರವರು ನಮ್ಮನ್ನು ಸುಲಿಯುತ್ತಾರೆ" ಎಂಬ ಮಾತಿಗೂ, "ಈ ಊರವರು ಕೈ ಬಿಚ್ಚುವುದಿಲ್ಲ" ಎಂಬ ಮಾತಿಗೂ ಕಲ್ಲಿನ ಮೇಲೆ ಉತ್ತರವಿತ್ತು. ಅದೇ ಕಂಬದಲ್ಲಿ ಸಂಸ್ಕೃತದ ಬರಹದ ಜೊತೆ ಹಳಗನ್ನಡದ ಬರಹವೂ ಇರುವುದು ಗಮನಾರ್ಹ. ದೂರದಿಂದ ಬಂದ ವಿದ್ವಾಂಸರ ಭಾಷೆ, ಊರಿನ ಭಾಷೆ ಎರಡಕ್ಕೂ ಒಂದೇ ಕಲ್ಲು ಆಸರೆಯಾಯಿತು.

ಒಂದು ಮಾತನ್ನು ಮರೆಯಬಾರದು. ಈ ವ್ಯವಸ್ಥೆಯ ಆವರಣ ಚಿಕ್ಕದು. ಓದಲು ಬಂದವರು, ಕಾಣಿಕೆ ಕೊಡಬೇಕಾದವರು ಒಂದೇ ವರ್ಗದವರು. ಆ 500 ನಿವರ್ತನದಲ್ಲಿ ಬೆವರು ಸುರಿಸಿ ಜೋಳ ಬೆಳೆದವನನ್ನು ಯಾರೂ ಒಪ್ಪಿಗೆ ಕೇಳಿದಂತೆ ಕಾಣುವುದಿಲ್ಲ. ಸಾಲೋಟಗಿಯನ್ನು ಹೊಗಳುವ ನಮ್ಮ ಪಠ್ಯಪುಸ್ತಕಗಳು ಈ ಸಂಗತಿಯನ್ನು ಹೇಳದೆ ಮುಂದೆ ಹೋಗುತ್ತವೆ. ಸುಮಾರು ಎರಡು ಶತಮಾನಗಳ ನಂತರ ಬಾಗೇವಾಡಿಯಿಂದ ಹೊರಟ ಬಸವಣ್ಣನವರು ಈ ಆವರಣದ ಗೋಡೆಯನ್ನೇ ಪ್ರಶ್ನಿಸಿದರು. ಅವರೂ ಮಂಗಳವೇಢೆಯಲ್ಲಿ ಬಿಜ್ಜಳನ ಕರಣಿಕರಾಗಿ, ಎಂದರೆ ಲೆಕ್ಕ ಬರೆಯುವವರಾಗಿಯೇ ಕೆಲಸಕ್ಕೆ ಸೇರಿದರೆಂದು ಪರಂಪರೆ ಹೇಳುತ್ತದೆ. ಅದು ಬೇರೆ ದಿನದ ವಿಷಯ.

ಆದಿಲಶಾಹಿಗಳ ಕಾಲಕ್ಕೆ ಬಂದರೆ ಚಿತ್ರ ತಿರುವುಮುರುವಾಗುತ್ತದೆ. ಸಾಲೋಟಗಿಯಲ್ಲಿ ಹೊರಗಿನವರು ವಿದ್ಯಾರ್ಥಿಗಳು. ವಿಜಾಪುರದಲ್ಲಿ ಹೊರಗಿನವರು ಆಳುವವರು. 1490ರ ಸುಮಾರಿಗೆ ಸ್ವತಂತ್ರನಾದ ಯೂಸುಫ್ ಆದಿಲ್ ಖಾನನೇ ಸಮುದ್ರದಾಚೆಯಿಂದ ಬಂದವನು. ಇರಾನ್ ಮತ್ತು ಮಧ್ಯ ಏಷ್ಯಾದಿಂದ ಸೈನಿಕರು, ಕವಿಗಳು, ವೈದ್ಯರು, ಲೇಖಕರು ಉದ್ಯೋಗ ಅರಸಿ ದಖ್ಖನಿಗೆ ಬರುತ್ತಲೇ ಇದ್ದರು. ಇಂದು ನಮ್ಮ ಎಂಜಿನಿಯರುಗಳು ಕೊಲ್ಲಿ ದೇಶಗಳಿಗೆ ಹೋಗುವಂತೆ ಅಂದು ಆ ಕಡೆಯವರು ಈ ಕಡೆಗೆ ಬಂದರು. ಇವರನ್ನು ಆಫಾಕಿಗಳು ಎಂದು ಕರೆಯುತ್ತಿದ್ದರು. ಬಹುಕಾಲದಿಂದ ಇಲ್ಲಿಯೇ ನೆಲೆಸಿದ್ದ ಮುಸಲ್ಮಾನರು ದಖನಿಗಳು. ಇವರಿಬ್ಬರ ನಡುವಿನ ಅಪನಂಬಿಕೆ ಎಷ್ಟೋ ಬಾರಿ ರಕ್ತಪಾತಕ್ಕೆ ಕಾರಣವಾಯಿತು. ಬಹಮನಿಗಳ ಕಾಲದಲ್ಲಿ ಇರಾನಿನಿಂದ ಬಂದು ಬೀದರಿನಲ್ಲಿ ಮಂತ್ರಿಯಾಗಿ ಹೆಸರು ಗಳಿಸಿದ ಮಹಮೂದ ಗವಾನ್ 1481ರಲ್ಲಿ ತಲೆ ತೆತ್ತದ್ದು ಇಂಥದೇ ಒಳಜಗಳದಲ್ಲಿ, ತನ್ನ ಮೊಹರು ಹಾಕಿದ ಒಂದು ಸುಳ್ಳು ಪತ್ರದ ಕಾರಣದಿಂದ.

1534ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಇಬ್ರಾಹಿಂ ಆದಿಲ್ ಶಾಹನು ಆಫಾಕಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೆಲಸದಿಂದ ಬಿಡಿಸಿ, ರಾಜ್ಯದ ಲೆಕ್ಕಪತ್ರಗಳನ್ನು ಪಾರಸಿಯಿಂದ ಹಿಂದವಿಗೆ ಬದಲಾಯಿಸಿದನು. ಹಿಂದವಿ ಎಂದರೆ ಇಲ್ಲಿ ಈ ನೆಲದ ಮಾತು ಎಂದರ್ಥ. ಲೆಕ್ಕದ ಕೆಲಸ ಸ್ಥಳೀಯ ಬ್ರಾಹ್ಮಣರ ಕೈಗೆ ಬಂದಿತು. ಇದನ್ನು ಬರೆದಿಟ್ಟ ಇತಿಹಾಸಕಾರ ಫಿರಿಸ್ತಾ ಸ್ವತಃ ಕಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದಿನಲ್ಲಿ ಹುಟ್ಟಿ, ಅಹಮದನಗರದಲ್ಲಿದ್ದು, 1589ರಲ್ಲಿ ವಿಜಾಪುರಕ್ಕೆ ಬಂದ ಪರದೇಶಿ. ತನ್ನಂಥವರ ಭಾಷೆ ದಫ್ತರದಿಂದ ಹೊರಬಿದ್ದ ಕಥೆಯನ್ನು ಅವನೇ ಬರೆಯಬೇಕಾಯಿತು.

ದರಬಾರಿನ ರಾಜಕೀಯವೇನೇ ಇರಲಿ, ಮುದ್ದೇಬಿಹಾಳ ಅಥವಾ ಸಿಂದಗಿಯ ಕಡೆಯ ಹಳ್ಳಿಗೆ ಈ ಬದಲಾವಣೆಯ ಅರ್ಥ ಸರಳವಾಗಿತ್ತು. ಇಷ್ಟು ಹೊಲ, ಇಷ್ಟು ಕಂದಾಯ ಎಂದು ಬರೆದದ್ದನ್ನು ಊರಿನಲ್ಲೊಬ್ಬನಾದರೂ ಓದಿ ಹೇಳಬಲ್ಲವನಾದ. ಆ ಒಬ್ಬನೇ ಕುಲಕರ್ಣಿ. ಅವನು ತಪ್ಪು ಓದಿದರೆ ಕೇಳುವವರು ಯಾರು ಎಂಬುದು ನ್ಯಾಯವಾದ ಪ್ರಶ್ನೆ. ಕುಲಕರ್ಣಿಯ ಲೇಖಣಿಯ ಬಗ್ಗೆ ನಮ್ಮ ರೈತರಲ್ಲಿ ಗಾದೆಗಳಿಗೆ ಬರವಿಲ್ಲ. ಆದರೂ ಪಾರಸಿಯ ಫರ್ಮಾನಿಗೆ ಸ್ಥಳೀಯ ಭಾಷೆಯ ಒಕ್ಕಣೆ ಜೋಡಿಸಿ ಕಳಿಸುವ ಪದ್ಧತಿ ಬೆಳೆಯಿತು. ಹಳೆಯ ವಾಡೆಗಳ ಪೆಟ್ಟಿಗೆಗಳಲ್ಲಿ ಇಂದಿಗೂ ಸಿಗುವ ಮೋಡಿ ಕಾಗದಗಳು ಇಂಥ ದಫ್ತರ ಪರಂಪರೆಯ ಕುರುಹುಗಳು. ಇನ್ನೊಂದು ವಿಷಯ. ಆ ಕಾಲದ ಪಾರಸಿ ಗ್ರಂಥಗಳನ್ನು ಕನ್ನಡಕ್ಕೆ ತರುವ ಆದಿಲಶಾಹಿ ಸಾಹಿತ್ಯ ಯೋಜನೆ ವಿಜಯಪುರದ ಹಳಕಟ್ಟಿ ಸಂಶೋಧನ ಕೇಂದ್ರದಲ್ಲಿ ನಡೆದದ್ದು ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಡಾ. ಎಂ.ಎಂ. ಕಲಬುರ್ಗಿಯವರ ಮುತುವರ್ಜಿಯಿಂದ. 2015ರಲ್ಲಿ ಧಾರವಾಡದಲ್ಲಿ ಅವರ ಹತ್ಯೆಯಾಯಿತು.

ಈಗ ಮುದ್ದೇಬಿಹಾಳ, ಸಿಂದಗಿ ಸೀಮೆಯ ಪೂರ್ವದಲ್ಲಿರುವ ಸುರಪುರಕ್ಕೆ ಬರೋಣ. ಇಂದು ಅದು ಯಾದಗಿರಿ ಜಿಲ್ಲೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ನಿಜಾಮನಿಗೆ ಕಪ್ಪ ಕೊಡುತ್ತಿದ್ದ ಬೇಡ ನಾಯಕರ ಸಂಸ್ಥಾನ. ಪರದೇಶದಲ್ಲಿ ನಂಬಿಕೆ ಗಳಿಸಿದವನ ಕಥೆಯೊಂದು ಬೇಕೆಂದರೆ ಇಷ್ಟು ಸಮೃದ್ಧವಾದದ್ದು ನಮ್ಮ ಭಾಗದಲ್ಲಿ ಇನ್ನೊಂದಿಲ್ಲ. ಇಷ್ಟು ಕಹಿಯಾದದ್ದೂ ಇಲ್ಲ.

ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದನು. ಹದಿನೈದರ ಹುಡುಗನಾಗಿ 1824ರಲ್ಲಿ ಮುಂಬಯಿಗೆ ಬಂದದ್ದು ಒಬ್ಬ ವ್ಯಾಪಾರಿಯ ಬಳಿ ಕೆಲಸಕ್ಕೆ. ಆ ವ್ಯಾಪಾರ ದಿವಾಳಿಯ ಅಂಚಿನಲ್ಲಿತ್ತು. ಬಂಧುವೊಬ್ಬರ ನೆರವಿನಿಂದ ನಿಜಾಮನ ಸೇನೆಯಲ್ಲಿ ಸೇರಿದನು. ಕಂಪನಿಯ ಸೇವೆಗೆ ಬಂದ ಇಂಗ್ಲೀಷರಂತೆ ಅವನಿಗೆ ಬಡ್ತಿಯ ರಾಜಮಾರ್ಗವಿರಲಿಲ್ಲ. ಬಹುಶಃ ಅದಕ್ಕೇ ಅವನು ಕಲಿಯುವುದನ್ನು ನಿಲ್ಲಿಸಲಿಲ್ಲ. ಹಿಂದೂಸ್ತಾನಿ, ಮರಾಠಿ, ಪಾರಸಿ, ಭೂಮಾಪನ, ಕಟ್ಟಡ ಕಟ್ಟುವ ವಿದ್ಯೆ, ಚಿತ್ರಕಲೆ ಎಲ್ಲವನ್ನೂ ಬಹುಮಟ್ಟಿಗೆ ತಾನೇ ಕಲಿತುಕೊಂಡನು. ಠಕ್ಕರ ಬಗ್ಗೆ 1839ರಲ್ಲಿ ಅವನು ಬರೆದ ಕಾದಂಬರಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿತು.

1841ರಲ್ಲಿ ಅವನನ್ನು ಸುರಪುರಕ್ಕೆ ಕಳಿಸಿದಾಗ ಸಂಸ್ಥಾನ ನಿಜಾಮನ ಸಾಲದಲ್ಲಿ ಮುಳುಗಿತ್ತು. ರಾಜ ತೀರಿಕೊಂಡ ಮೇಲೆ ಮಗ ವೆಂಕಟಪ್ಪ ನಾಯಕ ಇನ್ನೂ ಮಗು. ರಾಣಿ ಈಶ್ವರಮ್ಮ ಒಂದು ಕಡೆ, ರಾಜನ ತಮ್ಮ ಪಿಡ್ಡ ನಾಯಕ ಇನ್ನೊಂದು ಕಡೆ. ಗುಡ್ಡದ ತುಂಬ ಆಯುಧ ಹಿಡಿದ ಬೇಡರು. ಇವರ ನಡುವೆ ಈ ಬಿಳಿಯನು ಹನ್ನೆರಡು ವರ್ಷ ಕಳೆದನು. ದೊಡ್ಡ ಸೈನ್ಯವನ್ನು ಬೆನ್ನಿಗಿಟ್ಟುಕೊಂಡು ಅಲ್ಲ, ದಿನನಿತ್ಯ ಕಚೇರಿಯಲ್ಲಿ ಕುಳಿತು. ಬೇಡರ ಹಕ್ಕುಬಾಧ್ಯತೆಗಳನ್ನು ಗೊತ್ತುಮಾಡಿದನು, ಕಂದಾಯವನ್ನು ಕ್ರಮಕ್ಕೆ ತಂದನು, ಸಾಲ ತೀರಿಸುತ್ತ ಬಂದನು. ರಸ್ತೆ ಹಾಕಿಸಿದನು, ಬೋನಾಳದ ಕೆರೆಯನ್ನು ಸುಧಾರಿಸಿದನು. ಇಂದು ಅದೇ ಕೆರೆ ಪಕ್ಷಿಧಾಮವಾಗಿದೆ. ಅವನು ಕಟ್ಟಿಸಿದ ಬಂಗಲೆ ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿ ಈಗಲೂ ಇದೆ. ಬಿಡುವಿನಲ್ಲಿ ರಾಜನಕೋಳೂರಿನ ಕಡೆ ಹೋಗಿ ಪ್ರಾಚೀನ ಶಿಲಾಗೋರಿಗಳನ್ನು ಅಳೆದು ಅವುಗಳ ಬಗ್ಗೆ ಲೇಖನ ಬರೆದನು. ಊರವರು ಅವನ್ನು ಮೋರೇರ ಮನೆಗಳೆನ್ನುತ್ತಿದ್ದರು. ಇಂಗ್ಲೆಂಡಿನಲ್ಲೂ ಇಂಥವೇ ಇವೆಯೆಂದು ಅವನಿಗೆ ಗೊತ್ತಿತ್ತು.

ಜನ ಅವನ ಹೆಸರನ್ನು ತಮ್ಮ ಬಾಯಿಗೆ ಒಗ್ಗಿಸಿಕೊಂಡರು. ಮೆಡೋಸ್ ಎಂಬುದು ಮಹಾದೇವ ಬಾಬಾ ಆಯಿತು. ಅವನ ಆರೈಕೆಯಲ್ಲಿ ಬೆಳೆದ ಬಾಲರಾಜ ಅವನನ್ನು "ಅಪ್ಪಾ" ಎಂದೇ ಕರೆಯುತ್ತಿದ್ದನು.

ರಾಣಿ ಒಮ್ಮೆ ಕಾಯಿಲೆಯಿಂದ ಮಲಗಿದ್ದಾಗ ಟೇಲರನನ್ನು ಕರೆಸಿ ಮಗನ ಜಾತಕ ತೋರಿಸಿದಳಂತೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮರಣ ಎಂದು ಅದರಲ್ಲಿತ್ತು. ಯಾರಿಗೂ ಹೇಳಬೇಡಿ ಎಂದು ಮಾತು ತೆಗೆದುಕೊಂಡಳು. ಇದನ್ನು ಅವನೇ ಆತ್ಮಕಥೆಯಲ್ಲಿ ಬರೆದಿದ್ದಾನೆ. ಜಾತಕದ ಮೇಲೆ ನನಗೆ ನಂಬಿಕೆಯಿಲ್ಲ. ಆದರೆ ತನ್ನೊಡನೆ ಅಧಿಕಾರಕ್ಕಾಗಿ ಕಾದಾಡಿದ ರಾಣಿ ಇಂಥ ಮನೆಯ ಗುಟ್ಟನ್ನು ಹೊರದೇಶದವನ ಕೈಗೆ ಕೊಟ್ಟಳು ಎಂಬುದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕುಳಿತಿದ್ದೆ.

1853ರಲ್ಲಿ ವೆಂಕಟಪ್ಪ ನಾಯಕನಿಗೆ ಅಧಿಕಾರ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ವರ್ಗವಾಗಿ ಹೋದನು. ನಾಲ್ಕು ವರ್ಷಗಳ ನಂತರ ದೇಶದಲ್ಲಿ ಬಂಡಾಯದ ಬೆಂಕಿ ಹೊತ್ತಿಕೊಂಡಿತು. 1858ರ ಫೆಬ್ರವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ಕ್ಯಾಪ್ಟನ್ ನ್ಯೂಬೆರಿ ಯುದ್ಧದಲ್ಲಿ ಸತ್ತನು. ದೊಡ್ಡ ಸೈನ್ಯಗಳು ಸುತ್ತುವರಿಯತೊಡಗಿದಾಗ ರಾಜ ಹೈದರಾಬಾದಿಗೆ ಹೋದನು. ಅಲ್ಲಿ ಸೆರೆಯಾಗಿ ಬ್ರಿಟಿಷರ ವಶವಾದನು. ಟೇಲರ್ ಸೆರೆಮನೆಗೆ ಹೋಗಿ ನೋಡಿದಾಗ ಯುವಕ ಅವನನ್ನು ತಬ್ಬಿಕೊಂಡು ಅತ್ತನು. ಗಲ್ಲಿಗೆ ಮಾತ್ರ ಹಾಕಬೇಡಿ, ತಾನು ಕಳ್ಳನಲ್ಲ, ತೋಪಿನ ಬಾಯಿಗೆ ಕಟ್ಟಿ ಉಡಾಯಿಸಲಿ, ನಡುಗುವುದಿಲ್ಲ ಎಂದನು. ತನ್ನನ್ನು ಪ್ರೇರಿಸಿದವರ ಹೆಸರುಗಳನ್ನು ಹೇಳಲು ಒಪ್ಪಲಿಲ್ಲ. ಅಪ್ಪನೆಂದು ಕರೆದವನಿಗೂ ಹೇಳಲಿಲ್ಲ.

ಮರಣದಂಡನೆಯ ತೀರ್ಪು ಮೊದಲು ಗಡೀಪಾರಿಗೆ, ನಂತರ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆವಾಸಕ್ಕೆ ಇಳಿಯಿತು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ, ಜೊತೆಗಿದ್ದ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜ ಸತ್ತನು. ತಾನೇ ಹೊಡೆದುಕೊಂಡನೆಂದು ಸರಕಾರಿ ದಾಖಲೆ. ಕೊಂದರೆಂದು ನಂಬುವವರು ನಮ್ಮಲ್ಲಿ ಬಹಳ ಮಂದಿ. ಅವನಿಗೆ ಆಗ ಇಪ್ಪತ್ತನಾಲ್ಕನೆಯ ವರ್ಷವೆಂದು ಟೇಲರ್ ಬರೆಯುತ್ತಾನೆ. ಕೆಲವೇ ವರ್ಷಗಳಲ್ಲಿ ಸುರಪುರ ನಿಜಾಮನ ಕೈ ಸೇರಿತು. ಸಂಸ್ಥಾನ ಮುಗಿಯಿತು.

ಟೇಲರನ ಪ್ರೀತಿ ನಾಟಕವಾಗಿತ್ತೆಂದು ನನಗೆ ಅನಿಸುವುದಿಲ್ಲ. ಆದರೆ ಸಾಲೋಟಗಿಯ ಕಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ಸುರಪುರವನ್ನು ನೋಡಿದರೆ ಕೊರತೆ ಎಲ್ಲಿತ್ತೆಂದು ಕಾಣುತ್ತದೆ. ಹನ್ನೆರಡು ವರ್ಷ ಅವನು ಅಚ್ಚುಕಟ್ಟಾಗಿ ಲೆಕ್ಕವಿಟ್ಟನು. ಆ ಲೆಕ್ಕವನ್ನು ಕೊನೆಗೆ ಒಪ್ಪಿಸಬೇಕಾಗಿದ್ದುದು ಸುರಪುರದವರಿಗಲ್ಲ, ಹೈದರಾಬಾದಿನ ರೆಸಿಡೆಂಟನಿಗೆ. ಜನರ ನಂಬಿಕೆ ಒಬ್ಬ ಮನುಷ್ಯನ ಮೇಲಿತ್ತು. ಅವನನ್ನು ವರ್ಗ ಮಾಡಿದ ಸರಕಾರವನ್ನು ಅವರು ನಂಬಬೇಕಾದ ಕಾರಣವಿರಲಿಲ್ಲ, ಆ ಸರಕಾರವೂ ಅವರನ್ನು ನಂಬಲಿಲ್ಲ. ಇನ್ನೂ ಒಂದು ವಿಷಾದದ ಸಂಗತಿ ಇದೆ. ಸೆರೆಮನೆಯ ಭೇಟಿ, ಜಾತಕ, "ಅಪ್ಪಾ" ಎಂಬ ಕರೆ, ಇವೆಲ್ಲ ನಮಗೆ ತಿಳಿದಿರುವುದು 1877ರಲ್ಲಿ, ಟೇಲರನ ಮರಣದ ಮರುವರ್ಷ, ಮಗಳು ಹೊರತಂದ ಅವನ ಆತ್ಮಕಥೆಯಿಂದ. ವೆಂಕಟಪ್ಪ ನಾಯಕ ಬರೆದ ಪುಸ್ತಕವಿಲ್ಲ. ಈಶ್ವರಮ್ಮನ ಮಾತು ಅವಳದೇ ಬಾಯಿಂದ ನಮಗೆ ಕೇಳುವುದಿಲ್ಲ.

ಇಂದು ಈ ನಾಲ್ಕು ತಾಲ್ಲೂಕುಗಳಿಂದ ಹೊರಗೆ ಹೋಗುವವರೇ ಹೆಚ್ಚು. ಜಿಲ್ಲೆಯ ಮಳೆ ಸರಾಸರಿ ವರ್ಷಕ್ಕೆ 600 ಮಿಲಿಮೀಟರನ್ನು ಮುಟ್ಟುವುದು ಕಷ್ಟ. ಕಾಲುವೆ ನೀರು ಬಂದ ಊರುಗಳಲ್ಲಿ ಪರಿಸ್ಥಿತಿ ಬದಲಾಗಿದ್ದರೂ ಸುಗ್ಗಿ ಮುಗಿದ ಮೇಲೆ ಸೊಲ್ಲಾಪುರ, ಪುಣೆ, ಮುಂಬಯಿ, ಗೋವಾಗಳ ಕಡೆ ಗಂಟು ಕಟ್ಟುವವರು ಇದ್ದೇ ಇದ್ದಾರೆ. ಗೋವಾ 1961ರ ಡಿಸೆಂಬರ್ 19ರವರೆಗೆ ಪೋರ್ಚುಗೀಜರ ಕೈಯಲ್ಲಿದ್ದ ಪರದೇಶವೇ ಆಗಿತ್ತು. ಆಮೇಲೆ ಅಲ್ಲಿ ಎದ್ದ ಕಟ್ಟಡ, ಬಂದರು, ರಸ್ತೆಗಳಲ್ಲಿ ನಮ್ಮ ಕಡೆಯವರ ಬೆವರು ಬಹಳವಿದೆ.

ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ವಾಸ್ಕೋಗೆ ಹೋಗಿದ್ದಾಗ ಮುದ್ದೇಬಿಹಾಳ ಕಡೆಯ ಒಬ್ಬ ಮೇಸ್ತ್ರಿಯನ್ನು ಭೇಟಿಯಾದೆ. ಅವನ ಗುತ್ತಿಗೆದಾರನಿಗೆ ಕೊಂಕಣಿ, ಇಂಗ್ಲೀಷ್ ಬಿಟ್ಟರೆ ಬೇರೆ ಭಾಷೆ ಬಾರದು. ಇವನಿಗೆ ಕನ್ನಡ, ಅಷ್ಟಿಷ್ಟು ಹಿಂದಿ. ಕೂಲಿ ಕೊಡದೆ ಪರಾರಿಯಾದ ಗುತ್ತಿಗೆದಾರರ ಕೈಯಲ್ಲಿ ಹಿಂದೆ ಎರಡು ಸಲ ನೊಂದಿದ್ದನಂತೆ. "ಇವ್ರ ಕೂಡ ಹೆಂಗ ಬಗೀಹರೀತು?" ಎಂದು ಕೇಳಿದೆ. ಅವನು ಅಂಗಿಯ ಕಿಸೆಯಿಂದ ಮಡಚಿದ ಹಾಜರಿ ಪುಸ್ತಕ ತೆಗೆದು ತೋರಿಸಿದನು. ಹೆಸರುಗಳು ಕನ್ನಡದಲ್ಲಿ, ಅಂಕಿಗಳು ಇಬ್ಬರಿಗೂ ತಿಳಿಯುವ 1, 2, 3ರಲ್ಲಿ, ಪ್ರತಿ ಶನಿವಾರದ ಕೆಳಗೆ ಗುತ್ತಿಗೆದಾರನ ಸಹಿ.

"ಓದಾಕ ಬರದವ್ರು ಏನ್ ಮಾಡ್ತಾರ?" ಎಂದೆ.

ಅವನು ಶೆಡ್ಡಿನ ಒಳಗೆ ಕರೆದೊಯ್ದನು. ತಗಡಿನ ಗೋಡೆಯ ಮೇಲೆ ಇದ್ದಿಲಿನ ಗೀರುಗಳು, ಒಬ್ಬೊಬ್ಬ ಹೆಣ್ಣುಮಗಳಿಗೆ ಒಂದೊಂದು ಸಾಲು. ಅರ್ಧ ದಿನ ದುಡಿದರೆ ಅರ್ಧ ಗೀರು. ಶನಿವಾರ ಸಂಜೆ ಗುತ್ತಿಗೆದಾರ ಮೊದಲು ಪುಸ್ತಕ ನೋಡುತ್ತಾನೆ, ಆಮೇಲೆ ಗೋಡೆ ನೋಡುತ್ತಾನೆ. ಎರಡೂ ಕೂಡಿಬಂದ ಮೇಲೆಯೇ ಹಣ ಎಣಿಸುವುದು. ಕೆಲಸ ಮುಗಿದು ಶೆಡ್ಡು ಬಿಚ್ಚಿದಾಗ ತಗಡುಗಳನ್ನು ಲಾರಿಗೆ ಹೇರಿ ಮುಂದಿನ ಜಾಗಕ್ಕೆ ಒಯ್ಯುತ್ತಾರೆ. ಬಾಕಿ ಉಳಿದವರ ಗೀರುಗಳನ್ನು ಅಳಿಸುವುದಿಲ್ಲ.